ಹಾಡುವ ಪೆಟ್ಟಿಗೆ ಮಾಡಿಸಿದೆ

ಹುಚ್ಚುಗಳಲ್ಲಿ ಎರಡು ತೆರ. ನೆರೆಹೊರೆಯವರಿಗೆ ಕಾಣದಂತೆ ಬಚ್ಚಿಡಬಹುದಾದುದು ಒಂದು; ನಡುಮನೆಯಲ್ಲಿ ಮೂರಡಿ ಎತ್ತರಕ್ಕೆ ನಿಂತು ಬಂದವರನ್ನೆಲ್ಲ ಕರೆದು ಮಾತನಾಡಿಸುವಂಥದು ಇನ್ನೊಂದು. ನನ್ನದು ಎರಡನೆಯ ತೆರದ್ದು. ಬೈಲಹೊಂಗಲದ ನಮ್ಮ ಹಳೆಯ ಮನೆಯೊಳಗೆ ಈಗ ಎರಡು ಮರದ ಪೆಟ್ಟಿಗೆಗಳು ಗೋಡೆಯ ಆ ತುದಿಗೊಂದು ಈ ತುದಿಗೊಂದು ನಿಂತಿವೆ. ನೋಡಿದವರಲ್ಲಿ ಒಬ್ಬರು ಅವನ್ನು ದೇವರ ಮಂಟಪವೆಂದುಕೊಂಡರು. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರು ಬೆಲೆ ಕೇಳಿ, ಚಹದ ಕಪ್ಪನ್ನು ಕೆಳಗಿಟ್ಟು, ಮತ್ತೆ ಕೈಗೆತ್ತಿಕೊಳ್ಳಲಿಲ್ಲ. ನನ್ನ ಮನೆಯವಳಂತೂ ಮೊದಲ ದಿನವೇ, “ಏನ್ರಿ ಇದು, ಜ್ವಾಳಾ ತುಂಬೋ ಕಣಜ ಇದ್ದಂಗ ಅದಾವಲ್ಲ!” ಎಂದಳು. ಜೋಳದ ಮಾತು ಅವಳು ಸುಮ್ಮನೆ ಎತ್ತಿದುದಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ.

ಕನ್ನಡದ ಅಧ್ಯಾಪಕನಾದವನು ಪುಸ್ತಕದ ಕಪಾಟು ಮಾಡಿಸಿದರೆ ಲೋಕ ಒಪ್ಪುತ್ತದೆ. ದೀಪಾವಳಿಗೆ ಗೋಡೆಗಳಿಗೆ ಸುಣ್ಣಬಣ್ಣ ಮಾಡಿಸಲೆಂದು ಕೂಡಿಟ್ಟ ನಲವತ್ತಾರು ಸಾವಿರ ರೂಪಾಯಿಗಳನ್ನು ಧ್ವನಿವರ್ಧಕಗಳಿಗೆ ಸುರಿದುದನ್ನು ಒಪ್ಪುವುದಿಲ್ಲ. ಆದುದರಿಂದ ಈ ಬರಹ ಅರ್ಧ ತಪ್ಪೊಪ್ಪಿಗೆ, ಅರ್ಧ ಸಮರ್ಥನೆ.

ಮೂಲಕಾರಣ ನನ್ನ ತಂದೆಯವರು. ಧಾರವಾಡದ ಆಕಾಶವಾಣಿ ಹುಟ್ಟಿದುದು 1950ರ ಜನವರಿಯಲ್ಲಿ. ತಂದೆಯವರು ಹುಟ್ಟಿದುದೂ ಅದೇ ವರುಷ. ರಾಮದುರ್ಗದಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿ ಸೇರಿದ ಹೊಸತರಲ್ಲಿ ಅವರು ಕೊಂಡ ಮೊದಲ ದೊಡ್ಡ ವಸ್ತುವೆಂದರೆ ಮರದ ಕವಚದ ಒಂದು ರೇಡಿಯೋ. ಮದುವೆಗಿಂತಲೂ ಮೊದಲು ಅದು ಮನೆ ತುಂಬಿತ್ತೆಂದು ನಮ್ಮ ತಾಯಿ ಇದ್ದಾಗ ಹಂಗಿಸುತ್ತಿದ್ದಳು. ಅದರೊಳಗಿಂದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲ ಇವರೆಲ್ಲ ನಮ್ಮ ಮನೆಗೆ ಬಂದುಹೋಗುತ್ತಿದ್ದರು. ಮುಂದೆ ಕ್ಯಾಸೆಟ್ಟುಗಳ ಕಾಲ ಬಂದಾಗ ಅವೂ ಇನ್ನೂರರಷ್ಟು ಕೂಡಿದವು. ಪ್ರತಿಯೊಂದರ ಬೆನ್ನಿಗೂ ತಂದೆಯವರ ದುಂಡಾದ ಅಕ್ಷರದಲ್ಲಿ ರಾಗದ ಹೆಸರು, ಗಾಯಕರ ಹೆಸರು, ಕೊಂಡ ದಿನಾಂಕ. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಮಾತ್ರ ಒಂದು ಸಾಲು ಪೂರ್ತಿ ಮೀಸಲು. “ಇಂವಾ ನಮ್ಮವ” ಎಂಬುದು ಅದಕ್ಕೆ ಕಾರಣ.

2019ರ ಆಗಸ್ಟ್ ತಿಂಗಳಿನಲ್ಲಿ ಕಣಕುಂಬಿಯ ಕಡೆಗೆ ಮಳೆ ಹುಚ್ಚೆದ್ದು ಸುರಿಯಿತು. ನವಿಲುತೀರ್ಥದ ಅಣೆಕಟ್ಟು ತುಂಬಿತು. ಬಿಟ್ಟ ನೀರು ರಾಮದುರ್ಗಕ್ಕೆ ನುಗ್ಗಿತು. ನದಿಯ ದಿಕ್ಕಿನ ಓಣಿಯಲ್ಲಿದ್ದ ನಮ್ಮ ಮನೆಯಲ್ಲಿ ನೀರು ಎದೆಮಟ್ಟ ನಿಂತಿತ್ತು. ತಂದೆಯವರನ್ನು ಹಿಂದಿನ ರಾತ್ರಿಯೇ ಬೈಲಹೊಂಗಲಕ್ಕೆ ಕರೆತಂದಿದ್ದೆ. ಉಟ್ಟ ಧೋತರ, ಒಂದು ಚೀಲ, ಹೊದೆದ ಕಂಬಳಿ ಇಷ್ಟೇ ಅವರೊಡನೆ ಬಂದವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ರೇಡಿಯೋದ ಮರ ಉಬ್ಬಿ ಬಾಯಿಬಿಟ್ಟಿತ್ತು. ಕ್ಯಾಸೆಟ್ಟುಗಳ ಕಪಾಟು ಅಡಿಮೇಲಾಗಿ ಕೆಸರಿನಲ್ಲಿ ಹೂತಿತ್ತು. ಒಂದೆರಡನ್ನು ತೊಳೆದು ತಂದು ತೋರಿಸಿದೆ. ತಂದೆಯವರು ಅವನ್ನು ಕೈಯಲ್ಲಿ ಹಿಡಿದು, ಬೆನ್ನಿನ ಮೇಲೆ ಅಕ್ಷರ ಅಳಿಸಿಹೋದುದನ್ನು ನೋಡಿ, ಕಿಟಕಿಯಲ್ಲಿಟ್ಟರು. “ಸಾಕು ಬಿಡು ತಮ್ಮಾ” ಎಂದರು. ಅಂದಿನಿಂದ ಅವರು ಹಾಡು ಕೇಳುವುದನ್ನೇ ಬಿಟ್ಟರು.

ನಾನಾದರೂ ಸುಮ್ಮನಿರಲಿಲ್ಲ. ಕಳೆದುಹೋದ ಇನ್ನೂರು ಕ್ಯಾಸೆಟ್ಟುಗಳ ಹಾಡುಗಳಲ್ಲಿ ಬಹುಪಾಲು ಈಗ ಅಂಗೈಯ ಫೋನಿನೊಳಗೇ ದೊರೆಯುತ್ತವೆ. ಹುಡುಕಿ ತೆಗೆದು ಅವರ ಕಿವಿಯ ಬಳಿ ಹಿಡಿದೆ. ತಂದೆಯವರು ಸೌಜನ್ಯಕ್ಕಾಗಿ ಎರಡು ನಿಮಿಷ ಕೇಳಿ, “ಸೊಳ್ಳಿ ಹಾಡಿದಂಗ ಆಗತೈತಿ” ಎಂದು ಕೈಯಿಂದ ಸರಿಸಿದರು. ದುಃಖದಿಂದ ಹೀಗೆ ಹೇಳುತ್ತಾರೆಂದು ನಾನು ಬಗೆದೆ. ಅಷ್ಟೇ ಅಲ್ಲವೆಂದು ತಿಳಿದದ್ದು ಬೆಳಗಾವಿಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿದಾಗ.

ವಯಸ್ಸಾದಂತೆ ಕಿವಿ ಒಮ್ಮೆಗೇ ಮಂದವಾಗುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಸಕಾರ ಶಕಾರಗಳು ಮಾಸುತ್ತವೆ, ಮಾತು ಕೇಳಿದರೂ ಅರ್ಥವಾಗುವುದಿಲ್ಲ. ತಗ್ಗಿನ ಸ್ವರಗಳು ಬಹುಕಾಲ ಉಳಿಯುತ್ತವೆ. ತಂದೆಯವರ ಕಿವಿಯ ನಕ್ಷೆ ಹಾಗೆಯೇ ಇತ್ತು: ಎಡಕ್ಕೆ ಸಮತಟ್ಟು, ನಡುವಿನಿಂದ ಬಲಕ್ಕೆ ಯಲ್ಲಮ್ಮನ ಗುಡ್ಡ ಇಳಿದಂತೆ ಇಳಿಜಾರು. ಶ್ರವಣಯಂತ್ರವನ್ನು ಕೊಂಡೆವು. ಅದು ಮಾತಿಗಾಗಿ ಹದಗೊಳಿಸಿದ ಯಂತ್ರ; ಹಾಡನ್ನು ಅದು ತಗಡಿನ ಮೇಲೆ ಕಲ್ಲು ಸುರಿದಂತೆ ಮಾಡುತ್ತಿತ್ತು. ಒಂದು ವಾರದ ನಂತರ ಅದು ಗೋಡೆಯ ಗೂಡು ಸೇರಿತು.

ಇನ್ನು ಫೋನಿನ ಗುಣ ನೋಡಿ. ಪುರುಷ ಗಾಯಕರ ಶ್ರುತಿಗೆ ಕೂಡಿಸಿದ ತಂಬೂರಿಯಲ್ಲಿ ಕೊನೆಯದಾದ ಖರ್ಜದ ತಂತಿ ಸೆಕೆಂಡಿಗೆ ಸುಮಾರು 65ರಿಂದ 70 ಸಲ ಕಂಪಿಸುತ್ತದೆ. ಫೋನಿನ ಒಳಗಿರುವ ಉಗುರಿನಷ್ಟು ಅಗಲದ ಧ್ವನಿವರ್ಧಕಕ್ಕೆ ಸೆಕೆಂಡಿಗೆ ಮುನ್ನೂರು ಕಂಪನಗಳಿಗಿಂತ ಕೆಳಗೆ ಗಾಳಿಯನ್ನು ನೂಕುವ ಶಕ್ತಿಯೇ ಇಲ್ಲ. ಆದರೂ ನಮಗೆ ತಂಬೂರಿ ಕೇಳಿಸಿದಂತೆ ಭಾಸವಾಗುತ್ತದಲ್ಲ, ಅದು ನಮ್ಮ ಮಿದುಳಿನ ಔದಾರ್ಯ: ಮೇಲಿನ ಉಪಸ್ವರಗಳನ್ನು ಕೇಳಿ ಕೆಳಗಿನ ಮೂಲಸ್ವರವನ್ನು ಅದು ತಾನೇ ಊಹಿಸಿಕೊಳ್ಳುತ್ತದೆ. ಎಳೆಯ ಕಿವಿಗೆ ಆ ಊಹೆ ಸುಲಭ. ತಂದೆಯವರಿಗೆ ಮೇಲಿನ ಉಪಸ್ವರಗಳೇ ಮಾಸಿಹೋಗಿದ್ದವು. ಫೋನು ಕೊಡುವುದನ್ನು ಅವರ ಕಿವಿ ಕೊಳ್ಳಲಾರದು. ಅವರ ಕಿವಿ ಕೊಳ್ಳಬಲ್ಲುದನ್ನು ಫೋನು ಕೊಡಲಾರದು. ಎರಡರ ನಡುವೆ ಉಳಿದದ್ದು ಒಂದು ಇಕ್ಕಟ್ಟಾದ ಓಣಿ. ಆ ಓಣಿಯಲ್ಲಿ ಮನ್ಸೂರರು ಸೊಳ್ಳೆಯಾದರೆ ಆಶ್ಚರ್ಯವೇನು?

ಇಷ್ಟೆಲ್ಲ ನನಗೆ ಹೊಳೆದದ್ದು ಬೆಂಗಳೂರಿನಲ್ಲಿ, ಮೌಲ್ಯಮಾಪನದ ಕೆಲಸಕ್ಕೆ ಹೋದಾಗ. ನನ್ನ ಬಾಲ್ಯಮಿತ್ರನೊಬ್ಬ ಅಲ್ಲಿ ಇಂಜಿನಿಯರು. ಅವನ ಮನೆಯಲ್ಲಿ ಕೈಯಿಂದ ಮಾಡಿದ ಒಂದು ಜೊತೆ ಧ್ವನಿವರ್ಧಕಗಳಿದ್ದವು. ವಿದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಇಬ್ಬರೇ ಕುಳಿತು ತಿಂಗಳಿಗೆ ಕೆಲವೇ ಜೊತೆಗಳನ್ನು ಮಾಡುತ್ತಾರಂತೆ. ನಮ್ಮ ದೇಶದಲ್ಲಿಯೂ ಇಂಥ ಕಸುಬು ಇಲ್ಲದಿಲ್ಲ. ಕೊಚ್ಚಿಯಲ್ಲಿ ವಾಸ್ತುಶಿಲ್ಪಿಯೊಬ್ಬರು ಆರಂಭಿಸಿದ ‘ರೆತಮ್’ ಎಂಬ ಧ್ವನಿವರ್ಧಕಗಳನ್ನು ಹೊರದೇಶದ ರಸಿಕರೂ ಕೊಂಡಿದ್ದಾರೆ. ಮಿತ್ರನು ದೀಪವನ್ನು ತಗ್ಗಿಸಿ ಮನ್ಸೂರರ ಒಂದು ಧ್ವನಿಮುದ್ರಿಕೆಯನ್ನು ಹಚ್ಚಿದ.

ಮೊದಲು ಬಂದದ್ದು ತಂಬೂರಿ. ನಾನು ಹುಟ್ಟಿದಂದಿನಿಂದ ಕೇಳಿದ ಹಾಡು ಅದು. ಆದರೆ ನಾಲ್ಕು ತಂತಿಗಳು ಒಂದೊಂದಾಗಿ ಎದ್ದು, ಖರ್ಜದ ಮೇಲೆ ಕುಳಿತು, ಮತ್ತೆ ಏಳುವುದನ್ನು ನಾನು ಅಂದೇ ಮೊದಲು ಕಂಡೆ. ಕಂಡೆ ಎಂದೇ ಬರೆಯುತ್ತಿದ್ದೇನೆ. ಪೆಟ್ಟಿಗೆಗಳು ಆ ಕಡೆ ಈ ಕಡೆ ಮೂಕವಾಗಿ ನಿಂತಿದ್ದವು. ಹಾಡು ಅವುಗಳ ನಡುವಿನ ಬರಿಯ ಗೋಡೆಯ ಮುಂದೆ ಕುಳಿತಿತ್ತು. ತಾನಿನ ಮುನ್ನ ಮುದುಕರು ಉಸಿರೆಳೆದುಕೊಂಡದ್ದು ಕೇಳಿಸಿತು. ಡಗ್ಗದ ಗುಮುಕು ಎದೆಯ ಎಲುಬಿಗೆ ತಾಗಿತು. 1992ರಲ್ಲಿ ತೀರಿಕೊಂಡ ಮನುಷ್ಯರು ಕೋಣೆಯಲ್ಲಿದ್ದಾರೆಂದು ನನ್ನ ಮೈ ನಂಬಿತು.

ಬೆಲೆ ಕೇಳಿದೆ. ಬೈಲಹೊಂಗಲದಲ್ಲಿ ಒಂದು ನಿವೇಶನ ಬರುವಷ್ಟು.

ಈ ಪಂಥದವರ ಬಗೆಗೆ ಒಂದು ಮಾತು ಹೇಳಿಬಿಡಬೇಕು. ನನ್ನ ಮಿತ್ರನೂ ಅವನ ಗೆಳೆಯರೂ ಒಂದು ಹಾಡನ್ನು ಅರ್ಧ ನಿಮಿಷ ಹಚ್ಚಿ, “ಆ ಮಂಜೀರ ಕೇಳಿಸಿತೇ?” ಎಂದು ಕೇಳಿ, ಮುಂದಿನ ಹಾಡಿಗೆ ಹಾರುತ್ತಾರೆ. ತಂತಿಯ ಬೆಲೆ ಹೆಚ್ಚಾದಷ್ಟೂ ಹಾಡು ಇಂಪಾಗುವುದೆಂದು ನಂಬಿದವರೂ ಅವರಲ್ಲಿ ಉಂಟು. ಅವರು ಹಾಡನ್ನು ಕೇಳುವುದಿಲ್ಲ, ಪೆಟ್ಟಿಗೆಯನ್ನು ಕೇಳುತ್ತಾರೆ. ಆದರೂ ಆ ರಾತ್ರಿ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನ ತಲೆಯಲ್ಲಿ ಇದ್ದದ್ದು ಅವರ ದೋಷಗಳಲ್ಲ. ಆ ಖರ್ಜ ತಂದೆಯವರಿಗೆ ಕೇಳಿಸೀತು, ಖಂಡಿತ ಕೇಳಿಸೀತು ಎಂಬ ಒಂದೇ ಯೋಚನೆ.

ಮಿತ್ರನಿಗೆ ಪತ್ರದಂಥ ಉದ್ದನೆಯ ಸಂದೇಶ ಕಳಿಸಿದೆ. ಅವನು ನಕ್ಕು, “ಸ್ಪೀಕರು ಕೊಳ್ಳಬೇಡ, ಮಾಡಿಸು” ಎಂದ. ಅವನ ವಿವರಣೆ ಸರಳವಾಗಿತ್ತು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ರಚನೆಯೇ ಇಂದಿಗೂ ನಡೆದುಬಂದಿದೆ: ಕಾಗದದ ಒಂದು ಶಂಕು, ಅದರ ಬುಡಕ್ಕೆ ತಾಮ್ರದ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಆ ಭಾಗವನ್ನು ಕೊಳ್ಳಬಹುದು. ಆದರೆ ಶಂಕು ಮುಂದಕ್ಕೆ ನೂಕಿದ ಗಾಳಿಯನ್ನು ಹಿಂದಿನ ಗಾಳಿ ತಿಂದುಹಾಕದಂತೆ ಅದಕ್ಕೊಂದು ಪೆಟ್ಟಿಗೆ ಬೇಕು. ಹಿಂದಿನ ಗಾಳಿಯನ್ನೂ ವ್ಯರ್ಥ ಮಾಡದೆ ಒಂದು ಕೊಳವೆಯಿಂದ ಹೊರಬಿಟ್ಟು ತಗ್ಗಿನ ಸ್ವರಕ್ಕೆ ಬಲ ಕೊಡುವ ಉಪಾಯಕ್ಕೆ ಥುರಾಸ್ ಎಂಬವರು 1932ರಲ್ಲಿ ಹಕ್ಕುಪತ್ರ ಪಡೆದರು. ಖಾಲಿ ತಂಬಿಗೆಯ ಬಾಯಿಗೆ ತುಟಿಯಿಟ್ಟು ಊದಿದರೆ ಹೂಂ ಎನ್ನುತ್ತದಲ್ಲ, ಅದೇ ತತ್ತ್ವ. ಪೆಟ್ಟಿಗೆ ಎಷ್ಟು ದೊಡ್ಡದು, ಕೊಳವೆ ಎಷ್ಟು ಉದ್ದ ಎಂಬುದನ್ನು ಲೆಕ್ಕದಿಂದ ಕಂಡುಹಿಡಿಯುವ ದಾರಿಯನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ತೋರಿಸಿದರು. ಮಿತ್ರನು ಆ ಲೆಕ್ಕ ಮಾಡಿ ಬರೆದ: ಎಂಟು ಇಂಚಿನ ಶಂಕು, ಅರವತ್ತು ಲೀಟರಿನ ಪೆಟ್ಟಿಗೆ, ನಾಲ್ಕು ಇಂಚು ವ್ಯಾಸದ ಹನ್ನೆರಡು ಸೆಂಟಿಮೀಟರಿನ ಕೊಳವೆ. ಉಳಿದದ್ದು ಬಡಗಿತನ.

ಕಿತ್ತೂರಿನಲ್ಲಿ ಬಾಗಿಲು ಚೌಕಟ್ಟುಗಳನ್ನು ಮಾಡುವ ಒಬ್ಬ ವೃದ್ಧ ಬಡಿಗರು ನಮಗೆ ಪರಿಚಿತರು. ನಕ್ಷೆಯನ್ನು ತೋರಿಸಿದೆ. ಹದಿನೆಂಟು ಮಿಲಿಮೀಟರಿನ ಪ್ಲೈವುಡ್ ಎಂದು ಅದರಲ್ಲಿ ಬರೆದಿತ್ತು. ಅಜ್ಜನವರ ಮುಖ ಗಂಟಾಯಿತು.

“ಪ್ಲೈವುಡ್ಡಿನಾಗ ಮಾಡಸೋದಿದ್ದರ ನನ್ನ ಕಡೆ ಯಾಕ ಬಂದ್ರಿ ಸರ? ಸಾಗವಾನಿ ಐತಿ, ನೋಡ್ರಿ” ಎಂದು ಹಲಗೆಯೊಂದನ್ನು ಎತ್ತಿಹಿಡಿದು ಗೆಣ್ಣಿನಿಂದ ಕುಟ್ಟಿದರು. “ಹೆಂಗ ನುಡೀತೈತಿ ಕೇಳ್ರಿ!”

“ಅದು ನುಡಿಯೋದs ಬ್ಯಾಡಾಗೇತ್ರಿ ಅಜ್ಜಾರ” ಎಂದೆ.

“ಹಂಗಾರ ತಂಬೂರಿಗಿ ಬುರುಡಿ ಯಾಕ ಹಚ್ಚತಾರು?”

ಪ್ರಶ್ನೆ ಸರಿಯಾದುದೇ. ಅವರ ತಂದೆಯವರು ಒಮ್ಮೆ ಭಜನೆಯ ಮೇಳಕ್ಕೆ ತಂಬೂರಿ ತರಲೆಂದು ಮಿರಜಿಗೆ ಹೋಗಿದ್ದರಂತೆ. ಮಿರಜಿನ ಈ ಕಸುಬು ಹತ್ತೊಂಬತ್ತನೆಯ ಶತಮಾನದ ನಡುವಿನದು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರ ಮನೆತನದ ಫರೀದಸಾಹೇಬರಿಂದ ಮೊದಲಾಯಿತೆನ್ನುತ್ತಾರೆ. ಪಂಢರಪುರದ ಸುತ್ತಿನ ಹೊಲಗಳ ಬುರುಡೆಯನ್ನು ಒಣಗಿಸಿ, ಕೊರೆದು, ಮರದ ಕೊರಳು ಕೂಡಿಸಿ, ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಹತ್ತಿಯ ಎಳೆ ಇಟ್ಟರೆ ಆ ಝೇಂಕಾರ ಏಳುತ್ತದೆ. 2024ರಲ್ಲಿ ಅಲ್ಲಿನ ಸಿತಾರ ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮನ್ನಣೆ ಬಂತು. ಅಲ್ಲಿ ಬುರುಡೆ ನುಡಿಯಬೇಕು. ನುಡಿಯುವುದೇ ಅದರ ಬಾಳು. ಆದರೆ ಧ್ವನಿವರ್ಧಕದ ಪೆಟ್ಟಿಗೆ ದೂತನಿದ್ದಂತೆ. ಅರಸನ ಮಾತನ್ನು ಒಪ್ಪಿಸಬೇಕು, ನಡುವೆ ತನ್ನ ಮಾತು ಸೇರಿಸಬಾರದು. ತೆಳ್ಳಗಿನ ಸಾಗವಾನಿಯಾದರೆ ಮನ್ಸೂರರ ಜೊತೆಗೆ ಅದೂ ಹಾಡತೊಡಗುತ್ತದೆ. ಅಲ್ಲದೆ ಗಟ್ಟಿಮರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಇದನ್ನು ನಾನು ತರಗತಿಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದೆ. ಅಜ್ಜನವರು ಬೀಡಿ ಮುಗಿಯುವವರೆಗೆ ಯೋಚಿಸಿದರು.

“ಅಂದ್ರ ಬಾಯಿ ಮುಚ್ಚಗೊಂಡಿರೋ ಪೆಟ್ಟಿಗಿ ಬೇಕು ನಿಮಗ. ಮಾಡೂಣು. ಖರೆ ಮ್ಯಾಲ ಸಾಗವಾನಿ ತೆಳು ಹಾಳಿ ಹಚ್ಚತೀನಿ. ಇಲ್ಲಂದ್ರ ಮಂದಿ ನನಗ ಏನಂದಾರು?”

ಮೂರು ತಿಂಗಳು ಹಿಡಿಯಿತು. ರವಿವಾರಕ್ಕೊಮ್ಮೆ ಕಿತ್ತೂರಿಗೆ ಹೋಗಿ ಕೂಡುವುದು ನನಗೆ ಅಭ್ಯಾಸವಾಯಿತು. ಒಳಗೆ ಅಡ್ಡಪಟ್ಟಿಗಳನ್ನು ಯಾವ ಎರಡೂ ಸಮದೂರಕ್ಕೆ ಬಾರದಂತೆ ಅವರು ಕೂಡಿಸಿದರು. ಪ್ರತಿ ಹಲಗೆಯನ್ನೂ ಕುಟ್ಟಿ, ಕಿವಿಯಿಟ್ಟು, “ಇನ್ನೂ ಮಾತಾಡಾಕತ್ತೈತಿ” ಎಂದು ಮತ್ತೊಂದು ಪಟ್ಟಿ ಹೊಡೆದರು. ಸಾಗವಾನಿಯಲ್ಲಿ ನಾದ ಹುಡುಕುತ್ತಿದ್ದ ಕೈ ಈಗ ನಾದವನ್ನು ಅಡಗಿಸುವುದರಲ್ಲಿ ಹಟ ಹಿಡಿದಿತ್ತು. ಕಾರ್ಖಾನೆಯ ಪೆಟ್ಟಿಗೆಗೂ ಇದಕ್ಕೂ ಇರುವ ಅಂತರ ನನಗೆ ಅಲ್ಲಿ ತಿಳಿಯಿತು. ಕಾರ್ಖಾನೆಗೆ ಕೇಳುವವನ ಗುರುತಿಲ್ಲ. ಈ ಪೆಟ್ಟಿಗೆ ಯಾರ ಕಿವಿಗೆಂದು ಅಜ್ಜನವರಿಗೆ ಗೊತ್ತಿತ್ತು. “ಮಾಸ್ತರರಿಗಿ ಎಷ್ಟು ಕೇಳಸತೈತಿ?” ಎಂದು ಅಳತೆಗೆ ಮೊದಲು ಅವರು ವಿಚಾರಿಸಿದ್ದರು, ದರ್ಜಿ ತೋಳಿನ ಉದ್ದ ವಿಚಾರಿಸುವಂತೆ.

ಲೀಟರಿನ ಲೆಕ್ಕದಲ್ಲಿ ಮಾತ್ರ ಅವರಿಗೆ ನಂಬಿಕೆ ಬರಲಿಲ್ಲ. ಉದ್ದ, ಅಗಲ, ಎತ್ತರ ಗುಣಿಸಿ ತೋರಿಸಿದರೂ, “ಒಳಗಿನ ಪಟ್ಟಿ ಎಷ್ಟ ಜಾಗಾ ತಿಂದಾವ ಹೇಳ್ರಿ?” ಎಂದರು. ಕೊನೆಗೆ ಮನೆಯಿಂದ ಜೋಳದ ಚೀಲ ತರಿಸಿ, ಐದು ಲೀಟರಿನ ಡಬ್ಬಿಯಿಂದ ಪೆಟ್ಟಿಗೆಗೆ ಸುರಿದೆವು. ಹನ್ನೆರಡು ಡಬ್ಬಿಗೆ ತುಂಬಿ ಒಂದು ಮುಷ್ಟಿ ಹೊರಚೆಲ್ಲಿತು. ಮಿತ್ರನ ಗಣಿತವೂ ಅಜ್ಜನವರ ಉಳಿಯೂ ಒಂದನ್ನೊಂದು ಕಂಡು ಕೈಮುಗಿದವೆನ್ನಬೇಕು. ಆ ಜೋಳದಲ್ಲಿ ಮರದ ಹೊಟ್ಟು ಬೆರೆತು, ಎರಡು ದಿನ ಅದನ್ನು ಕೇರಿದವಳು ನನ್ನ ಹೆಂಡತಿ. ಕಣಜದ ಮಾತು ಹುಟ್ಟಿದುದು ಹೀಗೆ.

ಕೊಳವೆಯನ್ನು ಬಚ್ಚಲ ನೀರಿನ ಪಿ.ವಿ.ಸಿ. ಪೈಪಿನಿಂದ ಕತ್ತರಿಸಿದೆವು. ಒಳಗೋಡೆಗೆ ಉಣ್ಣೆಯ ಹೊದಿಕೆ ಹಚ್ಚಬೇಕೆಂದು ಮಿತ್ರನು ಬರೆದಿದ್ದ. ಮನೆಯಲ್ಲಿ ಹಳೆಯ ಕಂಬಳಿಯೊಂದಿತ್ತು, ಕತ್ತರಿಸಿ ಹಚ್ಚಿದೆವು. ತಂತಿಗಳನ್ನು ಬೆಸೆದುಕೊಟ್ಟವನು ಸವದತ್ತಿಯಲ್ಲಿರುವ ನನ್ನ ಹೆಂಡತಿಯ ತಮ್ಮ. ಅವನದು ಪೆಂಡಾಲು, ಧ್ವನಿವರ್ಧಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಭಾರತ ಹುಣ್ಣಿಮೆಗೆ ಗುಡ್ಡದ ಮೇಲೆ ತುತ್ತೂರಿಯಾಕಾರದ ಧ್ವನಿವರ್ಧಕಗಳನ್ನು ಕಟ್ಟಿ, ತಪ್ಪಿಸಿಕೊಂಡ ಮಕ್ಕಳ ಹೆಸರನ್ನು ಒಂದು ಮೈಲಿ ದೂರಕ್ಕೆ ಕೇಳಿಸುವುದು ಅವನ ವಿದ್ಯೆ. ಅವೂ ತಮ್ಮ ಕೆಲಸದಲ್ಲಿ ಸಣ್ಣವಲ್ಲ. ಆದರೆ ಖರ್ಜ ಅವುಗಳಿಗೆ ತಿಳಿಯದು. “ಮಾಮಾ, ಇಷ್ಟ ರೊಕ್ಕಕ್ಕ ನಾ ನಿಮಗ ಇಡೀ ಬೈಲಹೊಂಗಲಕ್ಕ ಕೇಳಸೋ ಸೆಟ್ ಕೊಡತಿದ್ನೆಲ್ರಿ” ಎಂದು ಅವನು ನೊಂದುಕೊಂಡ.

ಪೆಟ್ಟಿಗೆಗಳನ್ನು ಟೆಂಪೋದಲ್ಲಿ ತಂದು ನಿಲ್ಲಿಸಿದ ದಿನ ಅಜ್ಜನವರೂ ಜೊತೆಗೆ ಬಂದರು. ತಂದೆಯವರು ದೇವರ ದರ್ಶನಕ್ಕೆ ಹೋಗಿದ್ದರು. ಅವರು ಬರುವ ಮುನ್ನ ಪರೀಕ್ಷಿಸೋಣವೆಂದು ಹಾಡು ಹಚ್ಚಿದೆ. ತಂಬೂರಿ ಬಂತು, ದನಿ ಬಂತು, ದನಿ ಕೆಳಗಿನ ಷಡ್ಜಕ್ಕೆ ಇಳಿಯಿತು. ಇಳಿದೊಡನೆ ಝರ್ರೆಂದು ಒಂದು ಕೆಟ್ಟ ಸದ್ದು! ನನ್ನ ಕಾಲಲ್ಲಿ ಬಲ ಉಳಿಯಲಿಲ್ಲ. ನಲವತ್ತಾರು ಸಾವಿರ ಕಣ್ಣೆದುರು ಕುಣಿಯಿತು. ಅಜ್ಜನವರು ಮಾತಿಲ್ಲದೆ ಎದ್ದು ಒಂದೊಂದು ಪೆಟ್ಟಿಗೆಯ ಮೈಮೇಲೆ ಅಂಗೈಯಿಟ್ಟು ನಿಂತರು, ವೈದ್ಯರು ನಾಡಿ ನೋಡುವಂತೆ. ಅನಂತರ ಗೋಡೆಯ ಬಳಿ ಹೋದರು. ಗಾಜಿನ ಕಪಾಟಿನೊಳಗೆ, ನಾನು ಎಂ.ಎ. ಓದುವಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿಬಣ್ಣದ ಕಪ್ಪಿನ ಮೇಲೆ ಬೆರಳಿಟ್ಟರು. ಸದ್ದು ನಿಂತಿತು.

“ಪೆಟ್ಟಿಗಿ ಸುಮ್ಮನ ಐತ್ರಿ ಸರ. ನಿಮ್ಮ ಕಪ್ಪು ಮಾತಾಡಾಕತ್ತಿತ್ತು.”

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಕಪ್ಪು ಈಗ ಅಟ್ಟದ ಮೇಲಿದೆ.

ತಂದೆಯವರು ಬಂದರು. ಯಾರನ್ನು ಮೊದಲು ಹಚ್ಚಬೇಕೆಂದು ನಾನು ವಾರದಿಂದ ಯೋಚಿಸಿದ್ದೆ, ಮನ್ಸೂರರನ್ನಲ್ಲ, ಗಂಗೂಬಾಯಿಯವರನ್ನು. ಗಂಟಲಿನ ಚಿಕಿತ್ಸೆಯ ಬಳಿಕ ಅವರ ದನಿ ತಗ್ಗಿ ಗಡುಸಾಯಿತು, ಗಂಡುದನಿಯಂತಾಯಿತು. ಅದನ್ನೇ ಅವರು ತಮ್ಮ ಹಿರಿಮೆಯಾಗಿಸಿಕೊಂಡರು. ತಂದೆಯವರ ಕಿವಿಯ ಇಳಿಜಾರು ಎಲ್ಲಿ ಮೊದಲಾಗುತ್ತದೆಯೋ ಅದರ ಈಚೆಗೇ ಆ ದನಿಯ ಬಹುಭಾಗ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ.

“ಇದರಾಗ ವಾರ್ತಾ ಬರತಾವೇನು?” ಎಂದು ಕೇಳುತ್ತ ಅವರು ಕುರ್ಚಿಯಲ್ಲಿ ಕುಳಿತರು. ನಾನು ಉತ್ತರಿಸದೆ ಗುಂಡಿ ಒತ್ತಿದೆ.

ತಂಬೂರಿ ಎರಡು ಸುತ್ತು ಬಂತು. ತಂದೆಯವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ರೇಡಿಯೋದ ಮುಂದೆ ಕೂಡುವಾಗ ಹೀಗೆ ಮಾಡುವುದು ಅವರ ರೂಢಿಯಾಗಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಆಲಾಪ ಮೊದಲಾಯಿತು. ಅವರ ಬಲಗೈ ಸ್ವಲ್ಪ ಎತ್ತಿ, ಸ್ವರ ಎಲ್ಲಿ ತಂಗುವುದೋ ಅಲ್ಲಿ ತಾನೂ ತಂಗಿತು. ಇಪ್ಪತ್ತು ನಿಮಿಷಗಳವರೆಗೆ ಯಾರೂ ಮಾತನಾಡಲಿಲ್ಲ. ಅಜ್ಜನವರು ಹೊಸ್ತಿಲಲ್ಲಿ ಕುಳಿತಿದ್ದರು. ಅವರು ನೋಡುತ್ತಿದ್ದುದು ತಮ್ಮ ಪೆಟ್ಟಿಗೆಗಳನ್ನಲ್ಲ, ತಂದೆಯವರ ಕೈಯನ್ನು.

ಹಾಡು ಮುಗಿದ ಮೇಲೆ ತಂದೆಯವರು ಎದ್ದು ಒಂದು ಪೆಟ್ಟಿಗೆಯ ನೆತ್ತಿಯ ಮೇಲೆ ಕೈಯಿಟ್ಟರು. “ಖರ್ಜ ಕೇಳತೈತಲ್ಲೋ ತಮ್ಮಾ” ಎಂದರು. ತುಸು ಹೊತ್ತು ಬಿಟ್ಟು, “ಮ್ಯಾಲಿಂದು ಇಲ್ಲ. ಅದು ಹೋತು. ಖರೆ ಇದು ಐತಿ” ಎಂದರು. ಆಮೇಲೆ ಅಜ್ಜನವರ ಕಡೆಗೆ ತಿರುಗಿ ಕೈಮುಗಿದರು. ಅಜ್ಜನವರು ಗಡಬಡಿಸಿ ಎದ್ದು ತಾವೂ ಕೈಮುಗಿದರು.

ಹೊರಗೆ ಚಳಿ ಇತ್ತು. ತಂದೆಯವರು ಸುತ್ತಲೂ ನೋಡಿ, “ನನ್ನ ಕಂಬಳಿ ಎಲ್ಲೈತವಾ?” ಎಂದು ಸೊಸೆಯನ್ನು ಕೇಳಿದರು.

ಆಗ ನನಗೆ ಎದೆ ಧಸಕ್ಕೆಂದಿತು. ರಾಮದುರ್ಗದಿಂದ ಹೊದೆದುಕೊಂಡು ಬಂದ ಅದೇ ಕಂಬಳಿ. ಟ್ರಂಕಿನಲ್ಲಿ ಮಡಚಿಟ್ಟದ್ದನ್ನು ಹಳೆಯದೆಂದು ತೆಗೆದು ನಾಲ್ಕು ಪಾಲು ಮಾಡಿದವನು ನಾನೇ. ಹೆಂಡತಿ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಯ ಮುಖ ನೋಡಿದೆ. ಬೇರೆ ದಾರಿಯಿಲ್ಲದೆ ಇದ್ದುದನ್ನು ಇದ್ದಂತೆ ಹೇಳಿಬಿಟ್ಟೆ.

ತಂದೆಯವರಿಗೆ ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದರು.

“ಹಂಗಾರ ಬಾಯಾರು ಬೆಚ್ಚಗ ಕುಂತಾರ ಬಿಡು. ಇನ್ನೊಂದ ಹಚ್ಚು.”

ಗೋಡೆಗಳಿಗೆ ಬಣ್ಣ ಇನ್ನೂ ಆಗಿಲ್ಲ. ಮುಂಜಾನೆ ಆರು ಗಂಟೆಗೇ ತಂದೆಯವರು ಎದ್ದು ಧಾರವಾಡದ ನಿಲಯವನ್ನು ಪೆಟ್ಟಿಗೆಗಳಿಗೆ ಕೂಡಿಸುತ್ತಾರೆ. ವಾರ್ತೆಯೂ ಅದರಲ್ಲೇ ಬರುತ್ತದೆ, ಓಣಿಯ ತುದಿಯವರೆಗೆ. ಹೊಸ ಕಂಬಳಿಯನ್ನು ಕೊಂಡು ತಂದಿದ್ದೇನೆ. ಅದನ್ನು ಅವರು ಹೊದೆಯುವುದೂ ಇಲ್ಲ, ಟ್ರಂಕಿನಲ್ಲಿಡಲು ಬಿಡುವುದೂ ಇಲ್ಲ.